ಪುಣೆಯಲ್ಲಿ ಫಿಲ್ಟರ್ ಕಾಫಿ ಹದಕ್ಕೆ ಬರ್ತಿಲ್ಲ, ಅನುಭವ ಇದ್ದವರು ಹೇಳಿ

ವಾಕಡ್, ಪುಣೆ (ಕೇಳಿದವರು)
ಸ್ಟೀಲ್ ಫಿಲ್ಟರ್, 4 ಕಪ್ಪಿನದು. ಒಂದು ದಿನ ಡಿಕಾಕ್ಷನ್ ಸರ್ರನೆ ಇಳಿದು ತಿಳಿನೀರಿನ ಹಾಗಿರುತ್ತೆ, ಇನ್ನೊಂದು ದಿನ ಗಂಟೆ ಕಳೆದರೂ ಅರ್ಧ ಮೇಲೇ ನಿಂತಿರುತ್ತೆ. ಹಾಲು ಬೆರೆಸಿದರೆ ಘಮವೇ ಇಲ್ಲ. ಪುಡಿ ಇಲ್ಲಿಯ ಸೂಪರ್ ಮಾರ್ಕೆಟ್ಟಿನದು. ದಯವಿಟ್ಟು ಅಳತೆ ಸಮೇತ ತಿಳಿಸಿ.

ಮಾಟುಂಗಾ, ಮುಂಬೈ
ಮೊದಲು ಪ್ಯಾಕೆಟ್ಟಿನ ಹಿಂಬದಿ ಓದಿ. ಮಿಶ್ರಣದಲ್ಲಿ ಕಾಫಿ 51%ಕ್ಕಿಂತ ಕಡಿಮೆ ಇರಬಾರದು ಅನ್ನೋದು ನಿಯಮ. ಅಂದರೆ 49% ತನಕ ಚಿಕೋರಿ (ಒಂದು ಗಿಡದ ಬೇರು ಹುರಿದು ಮಾಡಿದ ಪುಡಿ) ಇರಬಹುದು! ಚಿಕೋರಿಯಿಂದ ಬಣ್ಣ ಬರುತ್ತೆ, ಮಂದ ಬರುತ್ತೆ. ಘಮ ಬರೋದು ಕಾಫಿ ಬೀಜದಿಂದಲೇ. ಹಾಲಿನ ಕಾಫಿಗೆ ಕಾಫಿ 80, ಚಿಕೋರಿ 20 ಒಳ್ಳೆ ಹದ. ಮುಂಬೈ ಕಡೆ ಬಂದರೆ ಮಾಟುಂಗಾ ಪೂರ್ವದಲ್ಲಿ ಮೈಸೂರ್ ಕನ್ಸರ್ನ್ಸ್‌ನಂಥ ಹಳೇ ಪುಡಿ ಅಂಗಡಿಗಳಿವೆ. ‘ಪ್ಲಾಂಟೇಶನ್ ಎ, ಪೀಬೆರಿ ಅರ್ಧರ್ಧ, ಚಿಕೋರಿ 20%, ಫಿಲ್ಟರಿಗೆ’ ಅಂತ ಕೇಳಿ ನೋಡಿ (ಮೊದಲೆರಡೂ ಕಾಫಿ ಬೀಜದ ದರ್ಜೆಗಳು). ಒಂದು ಸಲಕ್ಕೆ ಕಾಲು ಕಿಲೋ ಸಾಕು, ಮಳೆಗಾಲದಲ್ಲಿ 100 ಗ್ರಾಂ. ಚಿಕೋರಿ ತೇವ ಎಳೆದುಕೊಂಡು ಪುಡಿ ಗಂಟು ಕಟ್ಟುತ್ತೆ. ಡಬ್ಬಿ ಫ್ರಿಜ್ಜಿನಲ್ಲಿ ಇಡಬೇಡಿ. ಹೊರಗೆ ತೆಗೆದಾಗಲೆಲ್ಲ ಒಳಗೆ ನೀರಾಡುತ್ತೆ.

ಡೊಂಬಿವಲಿ
ಸರ್ರನೆ ಇಳಿಯೋದಕ್ಕೆ ಪುಡಿ ತರಿಯಾಗಿರೋದು ಕಾರಣ, ಇಲ್ಲವೇ ಪುಡಿ ಕಡಿಮೆ. 4 ಲೋಟಕ್ಕೆ 30 ಗ್ರಾಂ ಬೇಕು, ತಲೆ ಸವರಿದ 5 ದೊಡ್ಡ ಚಮಚ. ನೀರು 180 ಮಿಲಿ. ಅದರಲ್ಲಿ ಸುಮಾರು 60 ಮಿಲಿ ಚರಟವೇ ಹೀರಿಕೊಂಡು ಕೆಳಗೆ 120 ಇಳಿಯುತ್ತೆ.

ಮೇಲಿನ ಬಟ್ಟಲು ಒಣಗಿರಲಿ. ಪುಡಿ ಹಾಕಿ, ಬಟ್ಟಲನ್ನು ಒಮ್ಮೆ ಕುಟ್ಟಿ ಮಟ್ಟ ಮಾಡಿ. ಕಡ್ಡಿ ಇರೋ ತೂತಿನ ಬಿಲ್ಲೆಯನ್ನು ಮೇಲೆ ಕೂರಿಸಿ ಅಷ್ಟೆ, ಅದುಮಬೇಡಿ. ಅದುಮಿದ ದಿನವೇ ಡಿಕಾಕ್ಷನ್ ನಿಲ್ಲೋದು. ನೀರು ಕುದಿ ಬಂದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಡಿ. ಮೊದಲು ಎರಡು ಮೂರು ಚಮಚ ನೀರು ಮಾತ್ರ ಸುತ್ತಲೂ ಬಿಟ್ಟು ಒಂದು ನಿಮಿಷ ಕಾಯಿರಿ. ಪುಡಿ ಉಬ್ಬಿ, ಸಣ್ಣ ಗುಳ್ಳೆ ಬಂದು, ಮನೆ ತುಂಬ ಘಮ ಏಳುತ್ತೆ. ಆಮೇಲೆ ಉಳಿದ ನೀರು ಎರಡು ಸಲಕ್ಕೆ. 20 ನಿಮಿಷದಲ್ಲಿ ಇಳಿಯಬೇಕು.

ಮಧ್ಯದಲ್ಲಿ ನಿಂತರೆ ಕುಟ್ಟಬೇಡಿ, ಅಲ್ಲಾಡಿಸಲೂ ಬೇಡಿ. ಎರಡು ಬಟ್ಟಲು ಸೇರೋ ಕಡೆ ಒದ್ದೆಯಾಗಿ ಬಿಗಿದರೆ ಕೆಳಗಿನ ಗಾಳಿಗೆ ಹೊರಹೋಗಲು ದಾರಿ ಇರೋಲ್ಲ, ಹನಿ ಕಟ್ಟಾಗುತ್ತೆ. ಬಟ್ಟೆ ಹಿಡಿದು ಮೇಲಿನದನ್ನು ಕೂದಲೆಳೆಯಷ್ಟು ಎತ್ತಿ ಮತ್ತೆ ಕೂರಿಸಿ, ತಾನೇ ಶುರುವಾಗುತ್ತೆ.

ಚಿಂಚವಡ
ಹಾಲಿನ ಮಾತ ಯಾರೂ ಎತ್ತಲಿಲ್ಲಲ್ರಿ. ಇಲ್ಲೆ ಎಮ್ಮಿ ಹಾಲು ಭಾಳ ನಡೀತೈತಿ, ಕೆನಿ ದಪ್ಪ, ಕಾಫಿ ರುಚಿ ಮುಚ್ಚಿಬಿಡತೈತಿ. ಆಕಳ ಹಾಲು ತರ್ರಿ. ಎಮ್ಮಿ ಹಾಲs ಇದ್ರ ಐದು ಪಾಲಿಗೆ ಒಂದು ಪಾಲು ನೀರು ಕೂಡಿಸ್ರಿ. ಒಂದs ಕುದಿ ಸಾಕು, ಮತ್ತ ಮತ್ತ ಕಾಸಿದ ಹಾಲಿಗೆ ಬ್ಯಾರೆ ವಾಸನಿ ಬರತೈತಿ. ಒಂದು ಲೋಟಕ್ಕ ಡಿಕಾಕ್ಷನ್ 30 ಮಿಲಿ, ಹಾಲು 90. ಸಕ್ರಿ, ಡಿಕಾಕ್ಷನ್ ಮೊದಲು, ಮ್ಯಾಲೆ ಬಿಸಿ ಹಾಲು ಎತ್ತರದಿಂದ ಹೊಯ್ರಿ.

ಹಡಪ್ಸರ್, ಪುಣೆ
ನಿಮ್ಮ ಸೊಸೈಟಿಗೆ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬರ್ತಿದ್ರೆ ಅದೂ ಕಾರಣ. ಗಡಸು ನೀರಲ್ಲಿ ಕಾಫಿ ಸಪ್ಪೆಯಾಗುತ್ತೆ, ತೂತುಗಳಲ್ಲಿ ಬಿಳಿ ಪದರವೂ ಕಟ್ಟುತ್ತೆ. ಕುಡಿಯೋ ಫಿಲ್ಟರ್ ನೀರನ್ನೇ ಬಳಸಿ. ತಿಂಗಳಿಗೊಮ್ಮೆ ನಿಂಬೆರಸದ ನೀರಲ್ಲಿ ಬಟ್ಟಲು ಕುದಿಸಿ, ಬೆಳಕಿಗೆ ಹಿಡಿದು ನೋಡಿ: ಎಲ್ಲಾ ತೂತೂ ಕಾಣಬೇಕು. ಸ್ಟೀಲ್ ಆದ್ದರಿಂದ ಗ್ಯಾಸ್ ಉರಿಗೆ ಹಿಡಿದು ಸುಟ್ಟರೂ ನಡೆಯುತ್ತೆ. ಕಲಾಯಿ ಹಾಕಿದ ಹಿತ್ತಾಳೆಗೆ ಮಾತ್ರ ಬೇಡವೇ ಬೇಡ, ತವರ 232 ಡಿಗ್ರಿಗೇ ಕರಗುತ್ತೆ.

ವಾಕಡ್, ಪುಣೆ
ಎಲ್ಲರಿಗೂ ಧನ್ಯವಾದ. ಬೆಳಗಿನ ಡಿಕಾಕ್ಷನ್ ಸಂಜೆಗೆ ಇಡಬಹುದಾ?

ಡೊಂಬಿವಲಿ
ಇಡಿ, ಗಾಜಿನ ಬಾಟಲಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿ. ಒಲೆ ಮೇಲೆ ನೇರ ಕಾಸಿದರೆ ಕಹಿಯಾಗುತ್ತೆ. ಬೇಕಾದಷ್ಟು ಲೋಟಕ್ಕೆ ಬಗ್ಗಿಸಿ, ಆ ಲೋಟವನ್ನು ಬಿಸಿನೀರಲ್ಲಿ ಐದು ನಿಮಿಷ ನಿಲ್ಲಿಸಿ.