ಗಜನಿಗೆ ನೀರು ಬಿಡುವ ಲೆಕ್ಕ ತಪ್ಪುತ್ತಿದೆ, ಏನು ಬದಲಾಯಿಸಬೇಕು?

ಹೊಳೆದಂಡೆ:
ಕುಮಟಾ ಕಡೆಯ ಅಘನಾಶಿನಿ ಅಳಿವೆಯ ಗಜನಿ, ಅಂದರೆ ಹೊಳೆಯ ಉಪ್ಪುನೀರು ಹತ್ತುವ ತಗ್ಗುಗದ್ದೆ. ಮಳೆಗಾಲಕ್ಕೆ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು. ಮೃಗಶಿರ ಮಳೆ ಗದ್ದೆ ತೊಳೆದ ಮೇಲೆ ಮೊಳಕೆ ಬೀಜ ಎರಚುವುದು ರೂಢಿ. ಈಗ ಮೇ ತಿಂಗಳಲ್ಲೇ ಅಡ್ಡಮಳೆ ಹೊಯ್ದು ಸಿಗಡಿ ಸಾಯುತ್ತದೆ (2021ರ ತೌಕ್ತೆ ಚಂಡಮಾರುತದಂಥದು ಬಂದರೆ ಹೇಳುವುದೇ ಬೇಡ). ಜೂನಿನಲ್ಲಿ ಮಳೆ ಕೈಕೊಟ್ಟು ಮೊಳಕೆ ಸುಡುತ್ತದೆ. ಅಮಾಸೆ, ಹುಣ್ಣಿಮೆಯ ಭರತಕ್ಕೆ (ಉಬ್ಬರಕ್ಕೆ) ಹೊಳೆನೀರು ಗದ್ದೆಯ ಮಣ್ಣಿನ ಕಟ್ಟು ಹತ್ತುತ್ತದೆ. ನೀರು ಬಿಡುವ ಬಾಗಿಲಿಗೆ ಇರುವುದು ಒಂದೇ ಕಬ್ಬಿಣದ ಗೇಟು.

ಕರೀಕಗ್ಗ:
ಗೇಟಿನ ಜಾಗಕ್ಕೆ ಹಲಗೆ ಬಾಗಿಲು ಹಾಕಿಸಿ. ಎರಡೂ ಬದಿ ತೋಡು, ಅದರಲ್ಲಿ ಒಂದರ ಮೇಲೊಂದು ಕೂರುವ ಗೇಣಗಲದ ಹಲಗೆಗಳು. ಮಳೆನೀರು ಹಗುರ, ಮೇಲೆ ನಿಲ್ಲುತ್ತದೆ, ಉಪ್ಪುನೀರು ತಳದಲ್ಲಿ. ಮೇ ಮಳೆ ಹೊಯ್ದ ದಿನ ಇಳಿತದ ಹೊತ್ತಿಗೆ ಮೇಲಿನ ಒಂದೆರಡು ಹಲಗೆ ಮಾತ್ರ ತೆಗೆದು, ಅಡ್ಡ ಸಣ್ಣಕಣ್ಣಿನ ಬಲೆ ಕಟ್ಟಿ. ಸಿಹಿನೀರು ಜಾರಿಹೋಗುತ್ತದೆ. ಕಬ್ಬಿಣದ ಗೇಟು ಬುಡದಿಂದ ಏಳುವಂಥದು, ಸಿಗಡಿಗೆ ಬೇಕಾದ ನೀರೇ ಮೊದಲು ಖಾಲಿ!

ಜೂನಿನಲ್ಲಿ ಇದು ತಿರುಗುಮುರುಗು. ಹಲಗೆಗಳಷ್ಟನ್ನೂ ನಾಲ್ಕು ಬೆರಳು ಎತ್ತಿ ಅಡಿಗೆ ಕಲ್ಲು ಕೊಡಿ, ತಳದ ಉಪ್ಪು ಹೋಗಲಿ. ಭರತ ತಿರುಗುವ ಮೊದಲು ಮುಚ್ಚಬೇಕು. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನಿನ್ನೆಯ ಗಡಿಯಾರ ನಂಬಬೇಡಿ.

ಬೀಜವನ್ನು ಒಟ್ಟಿಗೆ ನೆನೆಹಾಕಬೇಡಿ. ಗದ್ದೆಯ ತಗ್ಗಿನ ನೀರು ತಂದು ಪಾತ್ರೆಯಲ್ಲಿ 100 ಮೊಳಕೆಕಾಳು ಹಾಕಿ. ಮೂರನೇ ದಿನ ಬೇರಿನ ತುದಿ ಕಂದಿದ್ದರೆ ಇನ್ನೂ ತೊಳೆಯಬೇಕು. ನಾಲಿಗೆಯ ರುಚಿ ನಂಬುವಂತಿಲ್ಲ, ಎರಡು ಸಲ ನೆಕ್ಕಿದರೆ ಅದಕ್ಕೂ ಉಪ್ಪು ರೂಢಿ. ಅರ್ಧ ಬೀಜ ಒಣಗಿದ್ದೇ ಇರಲಿ, ಎರಡನೇ ಎರಚಿಗೆ.

ಕಾಂಡ್ಲ:
ಕಟ್ಟಿನ ಮೇಲೆ ಒಮ್ಮೆಗೇ ಮಣ್ಣು ಪೇರಿಸುವುದು ದಂಡ. ಅಡಿಯ ಕೆಸರು ಭಾರ ತಡೆಯದೆ ಕುಸಿಯುತ್ತದೆ. ಹೊಳೆ ಬದಿಯ ಇಳಿಜಾರು ಅಗಲ ಮಾಡಿ, ವರ್ಷಕ್ಕಿಷ್ಟು ಏರಿಸಿ. ಕೆಲಸ ಅಷ್ಟಮಿ, ನವಮಿ ಸುತ್ತಿನ ಸಣ್ಣ ಭರತದ ದಿನಗಳಲ್ಲಿ.

ಕಟ್ಟು ಒಡೆಯುವುದು ಹೆಚ್ಚಾಗಿ ಏಡಿ ಬಿಲದಿಂದ. ಇಳಿತದಲ್ಲಿ ಒಳಬದಿಯಿಂದ ನೀರು ಜಿನುಗುವ ಜಾಗ ನೋಡಿಡಿ. ಬಾಯಿಗೆ ಒಣಮಣ್ಣು ತುಂಬಿದರೆ ತೊಳೆದುಹೋಗುತ್ತದೆ. ಬಿಲ ಮುಗಿಯುವವರೆಗೆ ಅಗೆದು, ಹಸಿ ಜೇಡಿ ಗುದ್ದಿ ಕೂರಿಸಿ.

ಕಟ್ಟಿನ ಹೊರಗೆ ಕಾಂಡ್ಲ (ಮ್ಯಾಂಗ್ರೋವ್) ನೆಡಿ. ಮಳೆಗಾಲದಲ್ಲಿ ತಾನಾಗಿ ಉದುರಿದ ಕೋಲುಗಳನ್ನೇ (ಮರದಲ್ಲೇ ಮೊಳೆತ ಉದ್ದನೆಯ ಬೀಜ) ಆರಿಸಿ, ಮೂರನೇ ಒಂದು ಭಾಗ ಕೆಸರಿಗೆ ಚುಚ್ಚಿ, ಮೀಟರಿಗೊಂದು. ತಲೆಕೆಳಗಾಗಿ ನೆಡುವವರೂ ಇದ್ದಾರೆ ಮಾರಾಯ್ರೇ, ಮೊಗ್ಗಿನ ತುದಿ ಮೇಲಿರಬೇಕು. ಉಪ್ಪಟಿ ಎಂಬ ಇನ್ನೊಂದು ಜಾತಿ ನೆಟ್ಟರೆ ದನ ಬಿಡುವುದಿಲ್ಲ, ಬೇಲಿ ಬೇಕು.

ಹೊಳೆದಂಡೆ:
ಹಲಗೆ ಸರಿ. ಆದರೆ ಮಳೆ ಇಲ್ಲದ ಮೋಡದ ಬೆಳಗಿನ ಜಾವವೂ ಸಿಗಡಿ ಅಂಚಿಗೆ ಬಂದು ನಿಲ್ಲುತ್ತದಲ್ಲ?

ಕರೀಕಗ್ಗ:
ಅದು ಉಪ್ಪಿನ ಕಾಟವಲ್ಲ, ಉಸಿರಿನದು. ಕಗ್ಗದ ತೆನೆ ಮಾತ್ರ ಕೊಯ್ದು ಹುಲ್ಲು ಬಿಡುವುದು ಸಿಗಡಿ ಮೇವಿಗೆ ಒಳ್ಳೆಯದೇ, ಆದರೆ ನಿಂತ ನೀರಲ್ಲಿ ಅದೇ ಕೊಳೆತು ಆಮ್ಲಜನಕ ತಿನ್ನುತ್ತದೆ. ಇಳಿತವಿದ್ದರೆ ಬುಡದಿಂದ ಸ್ವಲ್ಪ ಬಿಟ್ಟು, ಮುಂದಿನ ಭರತಕ್ಕೆ ಹೊಸ ನೀರು ತೆಗೆದುಕೊಳ್ಳಿ. ನೀರಿನ ನಾಲ್ಕನೇ ಒಂದು ಭಾಗ ಸಾಕು. ಪೂರ್ತಿ ಖಾಲಿ ಮಾಡಿದರೆ ತಳದ ಕೊಳೆ ಕದಡಿ ಉಳಿದದ್ದೂ ಸಾಯುತ್ತದೆ.