ಹಿತ್ತಲಿನ ಗಣಿಕೆ ಹಣ್ಣು ಮಕ್ಕಳು ತಿನ್ನಬಹುದಾ?

ಪ್ರಶ್ನೆ: ಹೊಳಲ್ಕೆರೆಯಿಂದ
ಮಳೆ ಬಿದ್ದ ಮೇಲೆ ಬಚ್ಚಲ ನೀರು ಹರಿಯುವ ಕಡೆ ಗಣಿಕೆ ಗಿಡ ತುಂಬಾ ಎದ್ದಿವೆ. ಮಗಳು ಶಾಲೆಯಿಂದ ಬಂದವಳೇ ಕರೀ ಹಣ್ಣು ಕಿತ್ತು ತಿನ್ನುತ್ತಾಳೆ. ನಾವೂ ತಿಂದೇ ಬೆಳೆದವರು. ಈಗ ನಾದಿನಿ ಮೊಬೈಲಿನಲ್ಲಿ ಫೋಟೋ ಹಾಕಿ ನೋಡಿ, "ಇದು ಬೆಲ್ಲಡೋನ, ವಿಷ" ಅಂತ ಹೆದರಿಸಿದ್ದಾಳೆ. ಅತ್ತೆ ಮಾತ್ರ ಸೊಪ್ಪನ್ನು ಸಾರಿಗೆ ಹಾಕುತ್ತಲೇ ಇದ್ದಾರೆ. ಗಿಡ ಕೀಳಿಸಲಾ? ಪಕ್ಕದಲ್ಲೇ ಉಮ್ಮತ್ತಿ ಗಿಡವೂ ಇದೆ, ಶಿವನ ಪೂಜೆಗೆ ಹೂ ಬೇಕಲ್ಲ ಅಂತ ಬಿಟ್ಟಿದ್ದೇವೆ.

ಉತ್ತರ: ದಾವಣಗೆರೆಯ ನರ್ಸ್
ತಂಗಿ, ಬೆಲ್ಲಡೋನ ಯುರೋಪಿನ ಕಡೆಯ ಗಿಡ. ನಮ್ಮ ಹಿತ್ತಲಲ್ಲಿ ತಾನಾಗಿ ಹುಟ್ಟುವಂಥದ್ದಲ್ಲ. ಆದ್ರೂ ನೋಡಿ ಖಾತ್ರಿ ಮಾಡಿಕೊಳ್ಳಿ. ಗಣಿಕೆಗೆ ಚಿಕ್ಕ ಬಿಳಿ ಹೂ, ನಡುವೆ ಹಳದಿ. ಹಣ್ಣು ಬಟಾಣಿಗಿಂತ ಸಣ್ಣದು, ಒಂದೇ ತೊಟ್ಟಿನಲ್ಲಿ ನಾಲ್ಕಾರು ಗೊಂಚಲಾಗಿ ಜೋತಾಡುತ್ತವೆ. ಬೆಲ್ಲಡೋನದ ಹೂ ಗಂಟೆಯ ಹಾಗೆ, ಮಾಸಲು ನೇರಳೆ ಬಣ್ಣ. ಹಣ್ಣು ದೊಡ್ಡದು, ಒಂಟಿಯಾಗಿ ಬಿಡುತ್ತದೆ. ಅದರ ಬುಡದಲ್ಲಿ ಐದು ಹಸಿರು ಎಸಳು ನಕ್ಷತ್ರದಂತೆ ಹರಡಿರುತ್ತವೆ.

ಚೆನ್ನಾಗಿ ಕಪ್ಪಾದ ಗಣಿಕೆ ಹಣ್ಣು ನಾಲ್ಕು ತಿಂದರೆ ಭಯ ಬೇಡ. ಹಸಿರು ಕಾಯಿ ಮಾತ್ರ ಖಂಡಿತ ಬೇಡ. ಅದರಲ್ಲಿ ಸೊಲನೈನ್ ಎಂಬ ವಿಷ ಇರುತ್ತದೆ, ವಾಂತಿ, ಹೊಟ್ಟೆನೋವು ಶುರುವಾಗುತ್ತದೆ. ಸೊಪ್ಪನ್ನು ಬೇಯಿಸಿಯೇ ತಿನ್ನಿ.

ನನಗೆ ನಿಜವಾದ ಭಯ ನಿಮ್ಮ ಉಮ್ಮತ್ತಿಯದು. ಬದನೆ, ಟೊಮೆಟೊ, ಮೆಣಸಿನಕಾಯಿ, ಗಣಿಕೆ, ಉಮ್ಮತ್ತಿ ಎಲ್ಲ ಒಂದೇ ಕುಟುಂಬ. ಆದರೆ ಉಮ್ಮತ್ತಿಯ ಬೇರಿನಿಂದ ಬೀಜದವರೆಗೂ ವಿಷ. ತಿಂದವರಿಗೆ ಬಾಯಿ ಒಣಗುತ್ತದೆ, ಮೈ ಕೆಂಪಾಗಿ ಕಾಯುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಎದೆ ಜೋರಾಗಿ ಬಡಿಯುತ್ತದೆ. ಇಲ್ಲದ್ದನ್ನು ಕಂಡು ಮಾತಾಡುತ್ತಾರೆ. ಹೂ ಕಿತ್ತ ಕೈಯಲ್ಲಿ ಕಣ್ಣುಜ್ಜಿದರೂ ಪಾಪೆ ಹಿಗ್ಗಿ ದೃಷ್ಟಿ ಮಂಜಾಗಬಹುದು.

ಅದೇ ಗಿಡದಲ್ಲಿರುವ ಅಟ್ರೊಪಿನ್ ಎಂಬ ವಿಷವೇ ನಮ್ಮ ವಾರ್ಡಿನಲ್ಲಿ ಜೀವ ಉಳಿಸುವ ಇಂಜೆಕ್ಷನ್. ಬೆಳೆಗೆ ಹೊಡೆಯುವ ಕೆಲವು ಕೀಟನಾಶಕ ಮೈಗೆ ಸೇರಿದರೆ ಬಾಯಲ್ಲಿ ನೊರೆ, ಪಾಪೆ ಸೂಜಿಮೊನೆ, ಶ್ವಾಸಕೋಶದ ತುಂಬ ನೀರು. ಅಂಥವರಿಗೆ ಎದೆಯ ಗೊರಗೊರ ನಿಲ್ಲುವವರೆಗೂ ಡಾಕ್ಟರು ಮತ್ತೆ ಮತ್ತೆ ಅಟ್ರೊಪಿನ್ ಕೊಡಿಸುತ್ತಾರೆ. ಅಳತೆ ತಿಳಿದವರ ಕೈಯಲ್ಲಿ ಮಾತ್ರ ಅದು ಔಷಧ. ದಯವಿಟ್ಟು ಯಾರೂ ಮನೆಯಲ್ಲಿ ಉಮ್ಮತ್ತಿ ಮದ್ದು ಮಾಡಬೇಡಿ. ಮಗು ತಿಂದಿದೆ ಅನ್ನಿಸಿದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಗಿಡದ ಒಂದು ಕೊಂಬೆ ಜೊತೆಗೆ ತನ್ನಿ.

ಉತ್ತರ: ಚಳ್ಳಕೆರೆಯ ರೈತ
ಅಕ್ಕ ಹೇಳಿದ್ದು ಸರಿ. ಇನ್ನೊಂದು ಮಾತು. ಮೆಣಸಿನಕಾಯಿ ಒಣಗಿಸುವ ಕಣದ ಹತ್ತಿರ ಉಮ್ಮತ್ತಿ ಬಿಡಲೇಬೇಡಿ. ಮುಳ್ಳುಕಾಯಿ ಬಿರಿದರೆ ಬೀಜ ಚೆಲ್ಲುತ್ತದೆ. ಚಪ್ಪಟೆ ಬೀಜ, ಮೆಣಸಿನ ಬೀಜದ ಜೊತೆ ಬೆರೆತರೆ ಬೇಗ ಗೊತ್ತಾಗಲ್ಲ.

ಉತ್ತರ: ಆಲೂಗಡ್ಡೆ ವ್ಯಾಪಾರಿ, ದಾವಣಗೆರೆ
ಬೆಣ್ಣೆದೋಸೆ ಹೋಟೆಲುಗಳಿಗೆ ಆಲೂಗಡ್ಡೆ ಹಾಕುತ್ತೇನೆ. ಇದೂ ಅದೇ ಕುಟುಂಬ. ಬಿಸಿಲಿಗೆ ಬಿದ್ದು ಹಸಿರಾದ ಗಡ್ಡೆಯಲ್ಲಿ ಸೊಲನೈನ್ ಜಾಸ್ತಿಯಾಗುತ್ತದೆ, ಬೇಯಿಸಿದರೂ ಹೋಗಲ್ಲ. ನಾನು ಅಂಥದ್ದನ್ನು ಆರಿಸಿ ಎಸೆಯುತ್ತೇನೆ. ಮನೆಯಲ್ಲೂ ಕತ್ತಲಲ್ಲಿಡಿ.

ಹೊಳಲ್ಕೆರೆಯಿಂದ
ತುಂಬಾ ಥ್ಯಾಂಕ್ಸ್ ಅಕ್ಕ. ಗಣಿಕೆ ಇರಲಿ, ಉಮ್ಮತ್ತಿ ಕೀಳಿಸುತ್ತೇವೆ. ಒಣಗಿಸಿ ಸುಟ್ಟರೆ ಆಗುತ್ತಾ?

ದಾವಣಗೆರೆಯ ನರ್ಸ್
ಬೇಡ, ಹೊಗೆಯೂ ಒಳ್ಳೆಯದಲ್ಲ. ಕಾಯಿ ಬಿರಿಯುವ ಮುಂಚೆ ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಬೇರು ಸಮೇತ ಕಿತ್ತು, ಆಳವಾದ ಗುಂಡಿಯಲ್ಲಿ ಹೂತುಬಿಡಿ. ಮೇಕೆ, ದನ ಬಾಯಿ ಹಾಕದಂತೆ ನೋಡಿಕೊಳ್ಳಿ. ಮುಂದಿನ ಮಳೆಗೆ ಅಲ್ಲೇ ಸಸಿ ಎದ್ದರೆ ಎರಡೆಲೆ ಇರುವಾಗಲೇ ಕಿತ್ತುಹಾಕಿ.