ಸಹಾಯ ಬೇಕು: ಅರ್ಥವಾಗದ ಪುಟಗಳನ್ನು ದಾಟಿ ಓದುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಐರಿಷ್ ಲೇಖಕ ಜೇಮ್ಸ್ ಜಾಯ್ಸ್ ಅವರ, 1939ರಲ್ಲಿ ಪ್ರಕಟವಾದ ‘ಫಿನೆಗನ್ಸ್ ವೇಕ್’ ಕಾದಂಬರಿಯನ್ನು ಪರೀಕ್ಷೆಗಾಗಲಿ ವಿಮರ್ಶೆಗಾಗಲಿ ಅಲ್ಲ, ಕೇವಲ ಖುಷಿಗಾಗಿ ಓದಬೇಕೆಂದು ಹೊರಟಿದ್ದೇನೆ. ವಾಕ್ಯದ ನಡುವಿನಿಂದಲೇ ಆರಂಭವಾಗಿ, ಪೂರ್ಣಗೊಳ್ಳದ ಕೊನೆಯ ವಾಕ್ಯವು ಮತ್ತೆ ಮೊದಲ ಪುಟಕ್ಕೇ ಬಂದು ಕೂಡಿಕೊಳ್ಳುವ ಈ ಪುಸ್ತಕದಲ್ಲಿ ಹಲವು ಭಾಷೆಗಳ ಪದಗಳು ಒಂದರೊಳಗೊಂದು ಬೆಸೆದುಕೊಂಡಿರುವುದರಿಂದ, ನಿಘಂಟು ಹಿಡಿದು ಕುಳಿತರೂ ಹೆಚ್ಚು ಪ್ರಯೋಜನವಾಗುವುದಿಲ್ಲ.

ಮೊದಲು ಟಿಪ್ಪಣಿಗಳ ನೆರವಿನಿಂದ ಓದಿದೆ. ಒಂದು ಪುಟಕ್ಕೆ ಒಂದು ಸಂಜೆಯೇ ಹಿಡಿಯಿತು, ಓದು ಮನೆಪಾಠದಂತಾಯಿತು. ಆಮೇಲೆ ಟಿಪ್ಪಣಿಗಳನ್ನು ಬದಿಗಿಟ್ಟು ಗಟ್ಟಿಯಾಗಿ ಓದಿದಾಗ, ಅದರ ಶ್ಲೇಷೆಗಳು ಕಿವಿಗೆ ತಟ್ಟಿ ನಗುವೂ ಬಂದಿತು (ಪಕ್ಕದ ಕೋಣೆಯವರಿಗೆ ಏನನ್ನಿಸಿತೋ ತಿಳಿಯದು). ಆದರೆ ನಾಲ್ಕೈದು ಪುಟ ಕಳೆಯುವಷ್ಟರಲ್ಲಿ, ನಾನು ನಿಜಕ್ಕೂ ಓದುತ್ತಿದ್ದೇನೆಯೇ ಅಥವಾ ಬರಿಯ ಸದ್ದು ಮಾಡುತ್ತಿದ್ದೇನೆಯೇ ಎಂಬ ಅನುಮಾನ ಕಾಡಿ, ಕೈ ತಾನಾಗಿ ಟಿಪ್ಪಣಿಗಳತ್ತ ಚಾಚುತ್ತದೆ. ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲಿಯೇ.

ಇಂತಹ ಕೃತಿಗಳನ್ನು ಸಂತೋಷಕ್ಕಾಗಿಯೇ ಓದಿ ಮುಗಿಸಿದವರು ದಯವಿಟ್ಟು ತಿಳಿಸಿ: ಅರ್ಥವಾಗದ ಭಾಗಗಳನ್ನು ಹಾಗೆಯೇ ಬಿಟ್ಟು ಮುಂದುವರಿದಿರಾ, ಮತ್ತು ಟಿಪ್ಪಣಿಗಳನ್ನು ಯಾವ ಹಂತದಲ್ಲಿ ತೆರೆದಿರಿ?